ಎಂಬಕಸಿಯ ತಾಯಿಗೆ ಹೇಳಬೇಕಾದದ್ದು

ಲೊರೆಶೋ, ನೈರೋಬಿ
ಭಾನುವಾರ, ೧೨ ಮಾರ್ಚ್ ೨೦೧೭

ಪ್ರಿಯ ಧನಂಜಯ್,

ನಾವಿಬ್ಬರೂ ಕ್ಷೇಮ ಎಂದು ಬರೆಯಲು ಹೊರಟೆ, ಪೆನ್ನು ಅಲ್ಲೇ ನಿಂತಿತು. ನಮಿತಾಗೆ ನೆಗಡಿ, ನನಗೆ ನಿದ್ದೆಯಿಲ್ಲ, ನಲ್ಲಿಯಲ್ಲಿ ನೀರು ಬಂದ ದಿನ ಬಂತು, ಇಲ್ಲದ ದಿನ ಇಲ್ಲ. ಅದು ಬಿಟ್ಟರೆ ಕ್ಷೇಮ ಎನ್ನಬಹುದು. ನೀವು ಬಿಪಿ ಮಾತ್ರೆ ತಪ್ಪಿಸುತ್ತಿಲ್ಲ ಎಂದುಕೊಂಡಿದ್ದೇನೆ. ಗಿರಿನಗರದಲ್ಲಿ ಅತ್ತಿಗೆ ಸಾರಿಗೆ ಉಪ್ಪು ಜಾಸ್ತಿ ಹಾಕುತ್ತಾರೆ, ಸಂಕೋಚಪಡದೆ ಹೇಳಿ.

ಫೋನಿನಲ್ಲಿ ನಾವು ಕಾಲೇಜಿಗೆ ಕಳಿಸಿದ ಮಕ್ಕಳ ಸುದ್ದಿ ಎತ್ತಿದ ಕೂಡಲೇ ನಿಮ್ಮ ಕಡೆ ಸಿಗ್ನಲ್ ಹೋಗುತ್ತದೆ. ಕಾಗದಕ್ಕೆ ಆ ತೊಂದರೆಯಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮದುವೆಗೆ ಮುಂಚೆ ಮೈಸೂರಿನಿಂದ ಬರೆಯುತ್ತಿದ್ದ ಪತ್ರಗಳ ಹಾಗೆ ಇದಿಲ್ಲ. ಆದರೂ ಕೊನೆಯವರೆಗೆ ಓದಿ.

ಗುರುವಾರ ರಮಾನಂದ ಅವರು ಬಂದಿದ್ದರು. ನೀವು ಹೋದ ಮೇಲೆ ಇದೇ ಊರಿನ ರುಂಡಾದಿಂದ ಇಲ್ಲಿಗೆ ಬರಲು ನಿಮ್ಮ ಸ್ನೇಹಿತರಿಗೆ ಇಷ್ಟು ದಿನ ಬೇಕಾಯಿತು. ಸೋಫಾದ ಅಂಚಿನಲ್ಲಿ ಕೂತು, ನೀವು ಕಳಿಸಿದ ಹೇಳಿಕೆಯನ್ನು ಮುಂದಿಟ್ಟರು. "ನೋಡಿ ವಿನೋದಿನಿ, ಒಂದು ಸೈನ್ ಅಷ್ಟೇ. ಲಾಯರ್ ಹತ್ರ ಮಾತಾಡಿದೀನಿ. ಸ್ಟಾಫು ನಿಮಗೆ ಗೊತ್ತಿಲ್ದೇ ಮಾಡಿದ್ದು ಅಂತಾದ್ರೆ ನಿಮ್ಮ ಪಾಸ್‌ಪೋರ್ಟ್ ವಾಪಸ್ ಬರತ್ತೆ. ಈಸ್ಟರ್ ಹೊತ್ತಿಗೆ ನೀವೂ ಮಗಳೂ ಬೆಂಗಳೂರಲ್ಲಿರ್ತೀರ" ಅಂದರು. ಸ್ಟಾಫ್ ಅಂದರೆ ಯಾರು ಎಂದು ಕೇಳಿದೆ. "ಅದೇ, ಫ್ಲಾವಿಯಾ. ಇಲ್ಲಿಯವಳೇ ಅಲ್ವಾ? ಹೇಗೋ ಮ್ಯಾನೇಜ್ ಮಾಡ್ಕೋತಾಳೆ ಬಿಡಿ" ಅಂದರು. ಟೀ ಕುಡಿಯದೆ ಎದ್ದರು.

ಓದಿದೆ. ಚೆನ್ನಾಗಿ ಬರೆದಿದ್ದೀರಿ, ನಿಮ್ಮ ಇಂಗ್ಲಿಷ್ ಮೊದಲಿನಿಂದಲೂ ಚೆನ್ನ. ಶಾಲೆಗಳಿಗೆ ಹೋಗಿ ವಿದ್ಯಾರ್ಥಿಗಳನ್ನು ಆರಿಸಿದವಳು ಫ್ಲಾವಿಯಾ, ಪೋಷಕರಿಗೆ ಮಾತು ಕೊಟ್ಟವಳು ಫ್ಲಾವಿಯಾ, ಕಾಲೇಜಿಗೆ ಮಾನ್ಯತೆ ಇದೆ ಎಂದವಳು ಫ್ಲಾವಿಯಾ. ಗಂಡ ಹೆಂಡತಿ ನಾವು ನಿರ್ದೇಶಕರಾಗಿದ್ದರೂ ಅವಳನ್ನು ನಂಬಿ ಮೋಸಹೋದೆವು. ಓದಿ ಮುಗಿಸಿದಾಗ ಒಂದು ಗಳಿಗೆ ನನಗೇ ಹಾಗೆ ನಡೆದಿತ್ತೇನೋ ಅನ್ನಿಸಿತು. ಹೆದರಿಕೆಯಾಯಿತು. ಅದಕ್ಕೇ ನಿಮಗೂ ಗೊತ್ತಿರುವುದನ್ನು ಇಲ್ಲಿ ಇನ್ನೊಮ್ಮೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಟೆಲಿಕಾಂ ಕಂಪನಿ ಎಲ್ಲರನ್ನೂ ವಾಪಸ್ ಕರೆಸಿಕೊಂಡಾಗ ನೀವು ಹೋಗಲಿಲ್ಲ. ಇಲ್ಲಿ ಸೆಕೆಂಡರಿ ಮುಗಿಸಿದ ಮಗುವಿಗೆ ಸಿ ಪ್ಲಸ್ ಬರದಿದ್ದರೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ ಹಾಗೆ, ನಮ್ಮ ಬೆಂಗಳೂರಿನಲ್ಲಿ ನೋಡಿದರೆ ಕಾಲೇಜುಗಳಲ್ಲಿ ಸೀಟುಗಳು ಖಾಲಿ, ಇವರನ್ನು ಅಲ್ಲಿಗೆ ಸೇರಿಸುವವರು ಬೇಕು ಅಂದಿರಿ. ನನಗದು ಒಳ್ಳೆಯ ಮಾತಾಗಿ ಕೇಳಿಸಿತು. ಈಗಲೂ ಆ ಮಾತಿನಲ್ಲಿ ತಪ್ಪು ಹುಡುಕಿದರೆ ಸಿಗುವುದಿಲ್ಲ. ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಆಫೀಸು ತೆರೆದಿರಿ. ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತಿದ್ದವಳನ್ನು ಡೈರೆಕ್ಟರ್ ಮಾಡಿದಿರಿ. ಶಾಲೆಗಳ ಒಳಗೆ ಹೇಗೆ ಹೋಗಬೇಕೆಂದು ತಿಳಿದವರು ಬೇಕೆಂದು ಗಣಿತದ ಟೀಚರಾಗಿದ್ದ ಫ್ಲಾವಿಯಾಳನ್ನು ಕೆಲಸ ಬಿಡಿಸಿ ಕರೆತಂದಿರಿ.

ಕಾಕಮೇಗಾ ಕಡೆಯ ಆ ಹೆಣ್ಣುಮಕ್ಕಳ ವಸತಿ ಶಾಲೆಗೆ ನೀವು ಬರಲಿಲ್ಲ, ನಾವಿಬ್ಬರೇ ಹೋದೆವು. ಹಸಿರು ಸ್ವೆಟರಿನ ಹುಡುಗಿಯರು ತರಗತಿಗಳಿಂದ ತಮ್ಮ ತಮ್ಮ ಕುರ್ಚಿಗಳನ್ನು ತಲೆಯ ಮೇಲೆ ಹೊತ್ತುಕೊಂಡು ಹಾಲಿಗೆ ಬಂದರು. ಬೆಂಗಳೂರಿನ ಹವೆ ನೈರೋಬಿಯ ಹಾಗೇ ಇರುತ್ತದೆ ಅಂದಾಗ ಚಪ್ಪಾಳೆ ತಟ್ಟಿದರು. ಕೊನೆಗೆ ಒಬ್ಬಳು ಎದ್ದು ನಿಂತು, "ಮೇಡಂ, ನಾವು ವಿಮಾನ ಹತ್ತಿದರೆ ನಮ್ಮ ಗ್ರೇಡೂ ಜೊತೆಗೆ ಬರುತ್ತದಾ, ಅದನ್ನು ಇಲ್ಲೇ ಬಿಟ್ಟು ಹೋಗಬಹುದಾ?" ಎಂದು ಕೇಳಿದಳು. ಹಾಲ್ ಪೂರ್ತಿ ನಕ್ಕಿತು. ಫ್ಲಾವಿಯಾ ಮುಖ ಮುಚ್ಚಿಕೊಂಡಳು, ಏಕೆಂದರೆ ಕೇಳಿದವಳು ಅವಳ ಸ್ವಂತ ತಂಗಿ ಅಕಿನ್ಯಿ. ಅಲ್ಲಿ ಎಲ್ಲ ಹೊಸದಾಗಿ ಶುರುವಾಗುತ್ತದೆ ಮಗಳೇ ಎಂದು ನಾನು ಉತ್ತರ ಕೊಟ್ಟೆ.

ರಿಸಲ್ಟ್ ಬಂದಾಗ ಅಕಿನ್ಯಿಗೆ ಬರಿಯ ಸಿ. ಜೂನಿನಲ್ಲಿ, ಅವಳನ್ನು ಕಳಿಸುವ ಮೊದಲು, ಫ್ಲಾವಿಯಾ ಆಫೀಸಿನಲ್ಲಿ ನನ್ನೆದುರಿಗೇ, ಇಲ್ಲಿಯ ರೂಢಿಯಂತೆ ನಮಿತಾಳ ಅಪ್ಪ ಎಂದು ಕರೆದು, ನಿಮ್ಮನ್ನು ಕೇಳಿದಳು: "ಬಾಬಾ ನಮಿತಾ, ಆ ಕಾಲೇಜಿಗೆ ವಿಶ್ವವಿದ್ಯಾಲಯದ ಅನುಮತಿ ಬಂದಿದೆಯಾ? ನನ್ನ ತಂಗಿಯನ್ನೂ ಕಳಿಸುತ್ತಿದ್ದೇನೆ, ಅದಕ್ಕೆ ಕೇಳಿದೆ." ನೀವು ಕಂಪ್ಯೂಟರಿನಿಂದ ಕಣ್ಣು ಎತ್ತದೆ "ಬಂದಿದೆ" ಅಂದಿರಿ. ನಾನೂ ಅದನ್ನೇ ನಂಬಿದೆ.

ಜುಲೈನಲ್ಲಿ ಏರ್‌ಪೋರ್ಟಿನಲ್ಲಿ ಆ ತಾಯಂದಿರು ಕೈಹಿಡಿದು ಹಾಡಿದ್ದು ನೆನಪಿದೆಯೆ? ಒಬ್ಬ ಪಾದ್ರಿ ಮಕ್ಕಳ ತಲೆ ಮುಟ್ಟಿ ಪ್ರಾರ್ಥನೆ ಹೇಳಿದರು, ನಮ್ಮ ತಲೆಗಳನ್ನೂ ಮುಟ್ಟಿದರು. ನೀವು ಕಣ್ಣು ಮುಚ್ಚಿದ್ದಿರಿ.

ಡಿಸೆಂಬರಿನಲ್ಲಿ ಪರೀಕ್ಷೆ ಹತ್ತಿರ ಬಂತು, ಹಾಲ್ ಟಿಕೆಟ್ ಬರಲಿಲ್ಲ. ಮಕ್ಕಳು ವಿಶ್ವವಿದ್ಯಾಲಯಕ್ಕೇ ಹೋಗಿ ವಿಚಾರಿಸಿದರೆ ಅಂಥ ಕಾಲೇಜಿಗೆ ನಾವು ಅನುಮತಿಯನ್ನೇ ಕೊಟ್ಟಿಲ್ಲ ಅಂದರಂತೆ. ಮುಂದಿನ ವಾರ ಹಾಸ್ಟೆಲಿಗೆ ಬೀಗ. ಅಕಿನ್ಯಿ ಅಳುತ್ತಾ ಅಕ್ಕನಿಗೆ ಫೋನ್ ಮಾಡಿದಳು. ಈಗ ಅವರೆಲ್ಲ ಹೆಣ್ಣೂರಿನಲ್ಲಿ ಎರಡು ಕೋಣೆ ಹಿಡಿದು ಒತ್ತೊತ್ತಾಗಿ ಇದ್ದಾರೆ. ವೀಸಾ ಆ ಕಾಲೇಜಿನ ಹೆಸರಿನಲ್ಲಿದೆ. ಕಾಲೇಜು ಬಿಟ್ಟುಕೊಟ್ಟೆವು ಎಂದು ಬರೆದುಕೊಡದೆ ಬೇರೆ ಕಡೆ ಸೇರುವ ಹಾಗಿಲ್ಲ, ಜೂನ್ ದಾಟಿದರೆ ಅಲ್ಲಿ ಇರುವ ಹಾಗೂ ಇಲ್ಲ. ತರಕಾರಿಗೆ ಹೊರಗೆ ಹೋಗಲೂ ಹೆದರುತ್ತಾರೆ. ಗಿರಿನಗರದಿಂದ ಹೆಣ್ಣೂರು ಊರಿನ ಇನ್ನೊಂದು ತುದಿ, ಆದರೂ ಒಂದೇ ಊರು. ನೀವು ಹೋಗಿ ನೋಡಿದ್ದೀರಾ? ಕೇಳಬಾರದು ಎಂದುಕೊಂಡಿದ್ದೆ, ಕೇಳಿಬಿಟ್ಟೆ.

ಜನವರಿಯಲ್ಲಿ ನೀವು ಸಣ್ಣ ಸೂಟ್‌ಕೇಸ್ ಹಿಡಿದು ಹೊರಟಾಗ ಕಾಲೇಜಿನ ಓನರ್ ಜೊತೆ ಮಾತಾಡಿಕೊಂಡು ಬಂದುಬಿಡ್ತೀನಿ ಅಂದಿರಿ. ನಾನು ದಾರಿಗೆಂದು ಚಪಾತಿ ಕಟ್ಟಿಕೊಟ್ಟೆ. ಆಮೇಲೆ ಒಂದು ಸಂಜೆ ಫೋನಿನಲ್ಲಿ, ನಾನು ಬಹಳ ಒತ್ತಾಯ ಮಾಡಿದ್ದಕ್ಕೆ, ನೀವು ಹೇಳಿದಿರಿ: "ಮೇ ತಿಂಗಳಲ್ಲೇ ಗೊತ್ತಿತ್ತು ಕಣೇ. ಪರ್ಮಿಶನ್ ಬಂದೇ ಬರತ್ತೆ ಅಂತ ಅವನು ಹೇಳ್ತಾನೇ ಇದ್ದ. ಮಕ್ಕಳ ವೀಸಾ ಬಂದಾಗಿತ್ತು, ನಿಲ್ಲಿಸೋದು ಹೇಗೆ?" ನಾನು ಅಡುಗೆಮನೆಯಲ್ಲಿ ಬೆಣ್ಣೆಹಣ್ಣು ಹೆಚ್ಚುತ್ತಿದ್ದೆ. ಹೆಚ್ಚಿ ಮುಗಿಸಿದೆ, ತಟ್ಟೆಗೆ ಹಾಕಿದೆ, ನಮಿತಾಗೆ ಕೊಟ್ಟೆ. ನೀವು ಹೇಳಿದ ಆ ಮಾತನ್ನು ಇವತ್ತಿನವರೆಗೆ ನಾನು ಯಾರ ಹತ್ತಿರವೂ ಆಡಿಲ್ಲ. ಲಾಯರ್ ಹತ್ತಿರವೂ ಇಲ್ಲ, ಮಗಳ ಹತ್ತಿರವೂ ಇಲ್ಲ.

ಇಲ್ಲಿಯ ಬದುಕು ಹೇಗಿದೆ ಎಂದು ಕೇಳಬಹುದಿತ್ತು ನೀವು. ಕೇಳದಿದ್ದರೂ ಹೇಳುತ್ತೇನೆ. ಈ ಮಕ್ಕಳ ಕೇಸಿನಲ್ಲಿ ನನಗೆ ಜಾಮೀನು ಕೊಟ್ಟಾಗ ಪಾಸ್‌ಪೋರ್ಟನ್ನು ಕೋರ್ಟಿನಲ್ಲಿ ಇಟ್ಟುಕೊಂಡರು. ಪ್ರತಿ ಶುಕ್ರವಾರ ಠಾಣೆಗೆ ಹೋಗಿ ನಾನು ಇಲ್ಲೇ ಇದ್ದೇನೆ ಎಂದು ತೋರಿಸಿ ಬರಬೇಕು. ಅಲ್ಲಿಯ ಹೆಣ್ಣು ಪೊಲೀಸ್ ಒಳ್ಳೆಯವಳು, "ಹಬಾರಿ ಮಾಮಾ" ಎಂದು ಕ್ಷೇಮ ವಿಚಾರಿಸುತ್ತಾಳೆ, ನಾನೂ "ಎನ್ಜೂರಿ" ಎನ್ನುತ್ತೇನೆ, ಚೆನ್ನಾಗಿದ್ದೇನೆ ಎಂದು. ನೈರೋಬಿ ಬಿಟ್ಟು ಹೊರಗೆ ಕಾಲಿಡಲು ಅಪ್ಪಣೆ ಬೇಕು. ನೈವಾಶಾದ ರಸ್ತೆಯಲ್ಲಿ ನಿಂತು ಕಣಿವೆ ನೋಡಬೇಕೆಂದು ಯಾಕೋ ಬಹಳ ಆಸೆಯಾಗುತ್ತದೆ. ಸ್ವಾತಂತ್ರ್ಯ ಇದ್ದಾಗ ಎಷ್ಟು ಸಲ ಕಾರಿನಲ್ಲಿ ನಿದ್ದೆ ಮಾಡುತ್ತಾ ದಾಟಿದ್ದೇನೆ.

ಗೇಟಿನ ಹೊರಗೆ ಪೋಷಕರು ಬರುತ್ತಾರೆ. ಮೊದಮೊದಲು ಕೂಗಾಡುತ್ತಾರೆ ಎಂದು ಪರದೆ ಎಳೆದುಕೊಂಡು ಕೂತಿದ್ದೆ. ಅವರು ಕೂಗುವುದಿಲ್ಲ. ಹುಲ್ಲಿನ ಮೇಲೆ ಕೂರುತ್ತಾರೆ, ಅಷ್ಟೇ. ಕಾಕಮೇಗಾದ ಒಬ್ಬರು ತಂದೆ, ಕೋಟು ಹಾಕಿಕೊಂಡು ಬರುವವರು, ಮಗನ ಹೆಸರು ಹೇಳುತ್ತಾರೆ. ಸುದ್ದಿ ಇಲ್ಲ ಎನ್ನುತ್ತೇನೆ. "ಅಸಾಂಟೆ" ಎಂದು ಟೋಪಿ ಎತ್ತಿ ಹೋಗುತ್ತಾರೆ. ಸುದ್ದಿ ಇಲ್ಲವೆಂದದ್ದಕ್ಕೆ ಥ್ಯಾಂಕ್ಸ್! ಅವರು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ನಮ್ಮವರು ಯಾರೂ ಬರುವುದಿಲ್ಲ. ಯುಗಾದಿಗೆ ಎಲ್ಲರೂ ಸೇರುತ್ತಾರಂತೆ, ರಮಾನಂದರ ಮನೆಯಲ್ಲೇ. ನಮಗೆ ಹೇಳಿಲ್ಲ. ಹೇಳಿದ್ದರೆ ಹೋಗುತ್ತಿರಲಿಲ್ಲ ಅನ್ನಿ.

ನಮಿತಾಳ ವಿಷಯ. ಮಗಳನ್ನಾದರೂ ಕಳಿಸು, ಇಲ್ಲಿ ಸೀಟು ನೋಡಿದ್ದೇನೆ ಅಂದಿದ್ದಿರಿ. ಅವಳ ಪಾಸ್‌ಪೋರ್ಟ್ ಅವಳ ಹತ್ತಿರವೇ ಇದೆ, ಅವಳು ಹೋಗಬಹುದು. ನಾನೇ ಕೂಡಿಸಿಕೊಂಡು ಹೇಳಿದೆ, ಅಪ್ಪನ ಹತ್ತಿರ ಹೋಗು ಪುಟ್ಟಾ, ನಾನು ಹಿಂದೆಯೇ ಬರ್ತೀನಿ ಅಂತ. ನಾನು ಕನ್ನಡದಲ್ಲಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಎಂದಿನಂತೆ ಇಂಗ್ಲಿಷಿನಲ್ಲಿ, "ಐ ಆಮ್ ನಾಟ್ ಲಗೇಜ್, ಅಮ್ಮ" ಅಂದಳು. ಆಮೇಲೆ, "ಡಸ್ ಹೀ ನೋ ದೇರ್ ನೇಮ್ಸ್?" ಎಂದು ಕೇಳಿದಳು. ಹೆಣ್ಣೂರಿನ ಆ ಮಕ್ಕಳ ಹೆಸರುಗಳನ್ನು. ನಿಮ್ಮ ಬಗ್ಗೆ ಕೆಟ್ಟದ್ದು ಹೇಳಬಾರದೆಂದು ಇಷ್ಟು ದಿನ ಬಾಯಿ ಕಟ್ಟಿಕೊಂಡಿದ್ದೇನೆ. ಅವಳಿಗೆ ಅಪ್ಪ ಉಳಿಯಲಿ ಎಂದು.

ಈಗ ನಿಮಗೆ ಕೋಪ ಬರುವ ಮಾತು. ಆ ಹೇಳಿಕೆಯನ್ನು ನಾನು ಫ್ಲಾವಿಯಾಗೆ ಓದಿ ಹೇಳಿದೆ.

ಶುಕ್ರವಾರ ಠಾಣೆಯಿಂದ ಬರುವಾಗ ಅವಳೂ ಜೊತೆಗಿದ್ದಳು. ಆಫೀಸು ಮುಚ್ಚಿದ ಮೇಲೂ ಅವಳು ನನ್ನನ್ನು ಒಬ್ಬಳನ್ನೇ ಹೋಗಲು ಬಿಟ್ಟಿಲ್ಲ. ಮನೆಗೆ ಕರೆತಂದು, ಅಡುಗೆಮನೆಯ ಮೇಜಿನ ಹತ್ತಿರ ಕೂರಿಸಿ, ಮೊದಲ ಸಾಲಿನಿಂದ ಓದಿದೆ. ಅವಳು ಮುಗಿದ ಮೇಲೆ ಎದ್ದು ಇಬ್ಬರ ಕಪ್ಪುಗಳನ್ನೂ ತೊಳೆದಳು, ಬಕೆಟ್ಟಿನ ನೀರು ಚೂರೂ ಹಾಳಾಗದ ಹಾಗೆ. ಆಮೇಲೆ ಕೇಳಿದಳು, "ಮಾಮಾ ನಮಿತಾ, ನನ್ನ ಪೂರ್ತಿ ಹೆಸರು ಹಾಕಿದ್ದಾರಾ?" ಹಾಕಿದ್ದಾರೆ ಅಂದೆ. "ಸರಿಯಾಗಿ ಬರೆದಿದ್ದಾರಾ?" ಇಲ್ಲ, ಅಚಿಯೆಂಗ್ ಎನ್ನುವುದನ್ನು ತಪ್ಪು ಬರೆದಿದ್ದೀರಿ. ಮೂರು ವರ್ಷ ನಿಮ್ಮ ಪಕ್ಕದ ಕೋಣೆಯಲ್ಲಿ ಕೆಲಸ ಮಾಡಿದವಳು.

ಅವಳು ನಕ್ಕಳು, ನನಗೆ ಅಳು ಬಂತು. "ನೀವು ಸಹಿ ಹಾಕಿ ಹೋದರೆ ನಾನು ಶಾಪ ಹಾಕುವುದಿಲ್ಲ. ನಿಮಗೂ ಮಗಳಿದ್ದಾಳೆ, ಅದು ನನಗೆ ಅರ್ಥವಾಗುತ್ತದೆ" ಅಂದಳು. "ಆದರೆ ಹೋಗುವ ಮೊದಲು ನನ್ನ ಅಮ್ಮನ ಹತ್ತಿರ ನೀವೇ ಹೇಳಿ ಹೋಗಬೇಕು. ಅಕಿನ್ಯಿ ಪರೀಕ್ಷೆ ಬರೆದಳು ಎಂದೇ ಅವಳು ನಂಬಿಕೊಂಡಿದ್ದಾಳೆ. ಒಬ್ಬಳು ಮಗಳು ಅಲ್ಲಿ ಸಿಕ್ಕಿಬಿದ್ದಿದ್ದಾಳೆ, ಇನ್ನೊಬ್ಬಳನ್ನು ಪೊಲೀಸರು ಕರೆದುಕೊಂಡು ಹೋಗುತ್ತಾರೆ. ಎರಡನ್ನೂ ಹೇಳುವುದು ನನ್ನಿಂದ ಆಗುವುದಿಲ್ಲ."

ನಿನ್ನೆ ಏರ್‌ಪೋರ್ಟಿನ ಪಕ್ಕದ ಎಂಬಕಸಿಗೆ, ಅವಳ ತಾಯಿಯ ಮನೆಗೆ ಹೋದೆವು, ಮಟಾಟು ವ್ಯಾನಿನಲ್ಲಿ. ಕಾರು ಮಾರಿದ್ದನ್ನು ನಿಮಗೆ ಹೇಳಿರಲಿಲ್ಲ. ಅವಳ ತಾಯಿ ಕಾರ್ಗೋ ಗೋದಾಮಿನಲ್ಲಿ ಹೂವಿನ ಪೆಟ್ಟಿಗೆಗಳನ್ನು ಕಟ್ಟುವ ಕೆಲಸ ಮಾಡುತ್ತಾರೆ, ಬೆರಳುಗಳು ಗುಲಾಬಿ ಮುಳ್ಳಿನಿಂದ ಗೀರುಗೀರು. ನಾನು ಬಂದೆನೆಂದು ಪಕ್ಕದ ಮನೆಯಿಂದ ಕುರ್ಚಿ ತರಿಸಿದರು. ಅಲ್ಲಿ ವಿಮಾನ ಹೋದಾಗಲೆಲ್ಲ ಮಾತು ನಿಲ್ಲಿಸಿ, ಅದು ದಾಟಿದ ಮೇಲೆ ಮುಂದುವರಿಸಬೇಕು. ಅವರಿಗೆ ಅದು ಅಭ್ಯಾಸ. ನಿಮ್ಮ ದೇಶದಲ್ಲಿ ಕಾಲೇಜಿಗೆ ರಜೆ ಯಾವಾಗ, ಅಕಿನ್ಯಿ ಫೋನಿನಲ್ಲಿ ಯಾಕೆ ಸಣ್ಣ ದನಿಯಲ್ಲಿ ಮಾತಾಡುತ್ತಾಳೆ, ಹಾಸ್ಟೆಲಿನಲ್ಲಿ ಗಟ್ಟಿಯಾಗಿ ಮಾತಾಡಿದರೆ ಬೈಯುತ್ತಾರಾ ಎಂದು ಕೇಳಿದರು.

ನಾನು ಹೇಳಿದೆ. ನನ್ನ ಇಂಗ್ಲಿಷನ್ನು ಫ್ಲಾವಿಯಾ ಅವರ ಭಾಷೆಗೆ ಹೇಳುತ್ತಾ ಹೋದಳು. ಹಾಸ್ಟೆಲ್ ಇಲ್ಲ ಎಂದೆ. ಪರೀಕ್ಷೆ ಇಲ್ಲ ಎಂದೆ. ಫ್ಲಾವಿಯಾಳ ಮೇಲೆ ನೀವು ಏನು ಬರೆದಿದ್ದೀರಿ ಎನ್ನುವ ಜಾಗಕ್ಕೆ ಬಂದಾಗ ಅವಳು ನಿಲ್ಲಿಸಿಬಿಟ್ಟಳು, ತನ್ನ ಬಗ್ಗೆ ತಾನೇ ಹೇಳಲಾಗದೆ. ಕೊನೆಗೆ ನಾನೇ ನನ್ನ ಹರಕು ಸ್ವಾಹಿಲಿಯಲ್ಲಿ ಹೇಳಿ ಮುಗಿಸಿದೆ. ಆ ತಾಯಿ ನನಗೆ ಹೊಡೆಯುತ್ತಾರೆ ಎಂದುಕೊಂಡೆ. ಅವರು ಕೇಳಿದ್ದು ಎರಡೇ. ಅಕಿನ್ಯಿ ಊಟ ಮಾಡುತ್ತಿದ್ದಾಳಾ? ಅವಳನ್ನು ಕರೆತರುವವರು ಯಾರು?

ಮೊದಲನೆಯದಕ್ಕೆ ಹೌದು ಅಂದೆ. ಎರಡನೆಯದಕ್ಕೆ ಯಾರ ಹೆಸರು ಹೇಳಲಿ? ನಾನು ಈ ಊರಿನ ಎಲ್ಲೆಯನ್ನೇ ದಾಟಲಾರೆ. ಮಕ್ಕಳು ಆ ಕೋಣೆ ಬಿಟ್ಟು ಬರಲಾರರು. ನಮ್ಮ ಪೈಕಿ ಎಲ್ಲಿಗೆ ಬೇಕಾದರೂ ಹೋಗಬಲ್ಲವರು ನೀವೊಬ್ಬರೇ, ನೀವು ಗಿರಿನಗರದ ಮಹಡಿ ಕೋಣೆಯಿಂದ ಹೊರಗೆ ಬರುವುದಿಲ್ಲ ಎಂದು ಅತ್ತಿಗೆ ಹೇಳಿದರು. ಹಗಲಿನಲ್ಲೂ ಚಿಲಕ ಹಾಕಿಕೊಂಡಿರುತ್ತೀರಂತೆ. ನಿಮ್ಮ ಮೇಲೆ ಪ್ರೀತಿ ಹೋಗಿಬಿಟ್ಟಿದ್ದರೆ ಎಷ್ಟು ಸಲೀಸಾಗುತ್ತಿತ್ತು.

ಒಂದು ದಾರಿ ಇದೆ. ನಮ್ಮ ಹಳೆಯ ಪ್ರಿನ್ಸಿಪಾಲ್ ಕೋಕಿಲಾ ಮೇಡಂ ಈಗ ಮೈಸೂರಿನಲ್ಲಿ ಒಂದು ಒಳ್ಳೆಯ ಡಿಗ್ರಿ ಕಾಲೇಜು ನೋಡಿಕೊಳ್ಳುತ್ತಾರೆ. ಮಕ್ಕಳನ್ನು ಬೆಂಗಳೂರಿನ ಆ ಕಾಲೇಜು ಬಿಟ್ಟುಕೊಟ್ಟಿತು ಎಂದು ಬರೆಸಿಕೊಂಡು ಬಂದರೆ, ವಿದೇಶಿಯರ ನೋಂದಣಿ ಕಚೇರಿ ಒಪ್ಪಿದರೆ, ಹೊಸ ವರ್ಷಕ್ಕೆ ಸೇರಿಸಿಕೊಳ್ಳಲು ಪ್ರಯತ್ನ ಮಾಡುತ್ತೇನೆ ಎಂದಿದ್ದಾರೆ. ವಾಪಸ್ ಬರಬೇಕೆನ್ನುವವರು ಬರಬಹುದು. ಆದರೆ ಬರೆದುಕೊಡಬೇಕಾದ ಓನರ್ ಎಲ್ಲಿ ಅಡಗಿದ್ದಾನೆ ಎನ್ನುವುದು ನಿಮಗೊಬ್ಬರಿಗೇ ಗೊತ್ತು. ಆ ಕಚೇರಿಯ ಮುಂದೆ ನಿಂತು, ಈ ಮಕ್ಕಳ ತಪ್ಪಿಲ್ಲ, ಕರೆತಂದವನು ನಾನು ಎಂದು ಹೇಳಬೇಕಾದವರೂ ನೀವೇ.

ವಿಚಾರಣೆ ನಾಳೆ. ಅಷ್ಟರೊಳಗೆ ಸಹಿ ಬೇಕೆಂದು ರಮಾನಂದ ಅವರು ಬೆಳಿಗ್ಗೆಯಿಂದ ಮೆಸೇಜ್ ಕಳಿಸುತ್ತಿದ್ದಾರೆ. ಹಾಳೆ ಮೇಜಿನ ಮೇಲಿದೆ. ನಮಿತಾ ಪಕ್ಕದ ಕೋಣೆಯಲ್ಲಿ ಓದುತ್ತಾ ಸೀನುತ್ತಿದ್ದಾಳೆ. ಈ ಮನೆಯಿಂದ ಹೊರಟು, ನಮ್ಮ ಊರಿನ ಏರ್‌ಪೋರ್ಟಿನಲ್ಲಿ ಇಳಿದು, ಕನ್ನಡ ಬೋರ್ಡುಗಳನ್ನು ಓದಿಕೊಳ್ಳುತ್ತಾ ಹೋಗಬೇಕು ಎಂದು ನನಗೆ ಎಷ್ಟು ಆಸೆಯಿದೆ ಎನ್ನುವುದು ನಿಮಗೆ ಗೊತ್ತು. ಅದಕ್ಕೇ ಆ ಹಾಳೆ ಕಳಿಸಿದಿರಿ. ನಾಳೆ ಏನು ಹೇಳುತ್ತೇನೋ ನನಗೇ ಗೊತ್ತಿಲ್ಲ.

ಮಾತ್ರೆ ಮರೆಯಬೇಡಿ. ಅತ್ತಿಗೆಗೆ, ಅವರ ಮಕ್ಕಳಿಗೆ ನನ್ನ ನೆನಪು ಹೇಳಿ.

ಇಂತಿ, ಇನ್ನೂ ನಿಮ್ಮವಳೇ ಆದ
ವಿನೋದಿನಿ

ಮತ್ತೊಂದು ಮಾತು, ಮಂಗಳವಾರ ಬರೆಯುತ್ತಿದ್ದೇನೆ.

ನನಗೇ ಗೊತ್ತಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಎಂಬಕಸಿಯಿಂದ ಹಿಂದಿರುಗುವಾಗ ಮಟಾಟುವಿನಲ್ಲೇ ನಿರ್ಧಾರವಾಗಿತ್ತು. ನೀವು ಕೊನೆಯವರೆಗೆ ಓದಲಿ ಎಂದು ಮರೆಮಾಚಿದೆ. ನಿನ್ನೆ ಕೋರ್ಟಿನಲ್ಲಿ ಎಲ್ಲ ಹೇಳಿದೆ. ನಿರ್ದೇಶಕರು ನಾವಿಬ್ಬರೇ, ಫ್ಲಾವಿಯಾ ಕೇಳಿದಾಗ ನನ್ನೆದುರಿಗೇ ಸುಳ್ಳು ಹೇಳಲಾಯಿತು, ನನ್ನ ಗಂಡನಿಗೆ ಮೇ ತಿಂಗಳಿನಿಂದಲೇ ಗೊತ್ತಿತ್ತು ಎಂದೆ. ನನ್ನ ಲಾಯರ್ ತಲೆ ಮೇಲೆ ಕೈಹೊತ್ತು ಕೂತರು. ಪಾಸ್‌ಪೋರ್ಟ್ ಸಿಗುವುದಿಲ್ಲ, ಯಾವಾಗ ಸಿಗುತ್ತದೆಂದು ಯಾರೂ ಹೇಳುವುದಿಲ್ಲ. ನಿಮ್ಮ ವಿಳಾಸ ಕೇಳಿದರು, ಕೊಟ್ಟೆ. ಮನೆಗೆ ಬಂದು ನಮಿತಾಗೂ ನಾನೇ ಹೇಳಿದೆ. ಅವಳು ನನ್ನ ಹಾಸಿಗೆಯಲ್ಲಿ ಬಂದು ಮಲಗಿದಳು.

ಈ ಕಾಗದವನ್ನು ನಾನು ಅಂಚೆಗೆ ಹಾಕುತ್ತಿಲ್ಲ. ನೀವು ಇದನ್ನು ಓದುತ್ತಿರುವ ಈಗ ನಿಮ್ಮ ಎದುರಿಗೆ, ಅತ್ತಿಗೆಯ ಹಾಲಿನಲ್ಲಿ ಕೂತಿರುವವಳು, ಇದನ್ನು ತಂದುಕೊಟ್ಟವಳು ಫ್ಲಾವಿಯಾ. ಅವಳ ಮೇಲೆ ಕೇಸಿಲ್ಲ, ಅವಳನ್ನು ಯಾರೂ ತಡೆಯುವ ಹಾಗಿಲ್ಲ. ತಂಗಿಯನ್ನೂ ಉಳಿದ ಮಕ್ಕಳನ್ನೂ ಬಿಡಿಸಲು ಬಂದಿದ್ದಾಳೆ. ನೀವು ಅವಳ ಜೊತೆ ಹೊರಡುವವರೆಗೂ ಏಳುವುದಿಲ್ಲ ಎಂದು ನನಗೆ ಹೇಳಿಯೇ ಬಂದಿದ್ದಾಳೆ.

ಅವಳಿಗೆ ಕನ್ನಡ ಬರುವುದಿಲ್ಲ. ಇದರಲ್ಲಿ ಏನು ಬರೆದಿದೆ ಎಂದು ಕೇಳುತ್ತಾಳೆ. ನೀವೇ ಓದಿ ಹೇಳಿ.